ಯಾವ ತಿಂಗಳಲ್ಲಿ ಹೋಗಿದ್ದೆ

ಸೋಮ ಬುಧ ಶುಕ್ರ, ಬೆಳಗಿನ ಆರಕ್ಕೆ
ಲೋವೆಲ್ಲಿನ ಡಯಾಲಿಸಿಸ್ ಕೋಣೆಯಲ್ಲಿ
ನಾಲ್ಕನೆಯ ಕುರ್ಚಿ ಅವಳದು.
ಎಡತೋಳಿನ ಉಬ್ಬಿದ ನರದ ಮೇಲೆ ಬೆರಳಿಟ್ಟರೆ
ದೂರದಲ್ಲೆಲ್ಲೋ ಮೋಟಾರು ದೋಣಿ ಹೊರಟ ಹಾಗೆ
ಗುಂಯ್ ಅನ್ನುತ್ತದೆ.
ಎರಡು ಸೂಜಿ. ಒಂದರಲ್ಲಿ ರಕ್ತ ಹೊರಡುತ್ತದೆ,
ಇನ್ನೊಂದರಲ್ಲಿ ಮಿಂದು ಮಡಿಯಾಗಿ ಮರಳುತ್ತದೆ.
ಮೂರೂವರೆ ಗಂಟೆ.
ಕಿಟಕಿಯಾಚೆ ಕಾಲುವೆ ಹೆಪ್ಪುಗಟ್ಟಿ
ಹಳೆಯ ಬಟ್ಟೆಗಿರಣಿಯ ಕೆಂಪು ನೆರಳು
ಅದರೊಳಗೆ ಅರ್ಧಕ್ಕೆ ಸಿಕ್ಕಿಕೊಂಡಿದೆ.

ರಜೆ ಮುಗಿಸಿ ಬಂದವಳು ನಾನು, ಮೂಗು ಇನ್ನೂ ಬಿಸಿಲಿಗೆ ಸುಲಿದಿದೆ.
"ನಿಮ್ಮ ಸರೋವರಕ್ಕೆ ಹೋಗಿದ್ದೆ" ಅಂದೆ.
ಯಿಮ್ ಸಾವೂನ್ ಕಣ್ಣು ತೆರೆದಳು.

ಫೋನು ತೆಗೆದು ತೋರಿಸಿದೆ, ಒಂದೊಂದಾಗಿ:
ತೇಲುವ ಶಾಲೆ. ತೇಲುವ ಪೆಟ್ರೋಲು ಅಂಗಡಿ.
ತೇಲುವ ಗೂಡಿನಲ್ಲಿ ಹಂದಿ,
ಬಣ್ಣದ ಡಬ್ಬಿಯಲ್ಲಿ ಚೆಂಡುಹೂ.
ಅಲ್ಯೂಮಿನಿಯಂ ಬೋಗುಣಿಯೊಳಗೆ ಕೂತು
ಅಂಗೈಯಲ್ಲೇ ಹುಟ್ಟು ಹಾಕುತ್ತ ಬಂದ ಹುಡುಗ,
ಕೊರಳಿಗೆ ಹಾವು, ಚಾಚಿದ ಕೈ.
"ಒಂದು ಡಾಲರು ಕೇಳಿದ, ನಾನು ಮುಖ ತಿರುಗಿಸಿದೆ" ಅಂದೆ,
ತಪ್ಪೊಪ್ಪಿಕೊಳ್ಳುವವಳ ದನಿಯಲ್ಲಿ.
"ನಾನಾಗಿದ್ದರೆ ಡಾಲರೂ ಕಿತ್ತುಕೊಳ್ಳುತ್ತಿದ್ದೆ,
ನಿನ್ನ ಕನ್ನಡಕವನ್ನೂ" ಅಂದಳು.

ಅವಳಿಗೆ ಹುಡುಗ ಬೇಕಿರಲಿಲ್ಲ.
ಎರಡು ಬೆರಳಿಂದ ಚಿತ್ರ ಹಿಗ್ಗಿಸಿ, ಹಿಗ್ಗಿಸಿ,
ಮನೆಯ ಮೂಲೆಯ ಹಗ್ಗಕ್ಕೆ ಬಂದು ನಿಂತಳು.
"ಯಾರಪ್ಪ ಇದನ್ನು ಕಟ್ಟಿದ್ದು, ಹೀಗೆ ಬಿಗಿಯಾಗಿ."
ಆಮೇಲೆ: "ಯಾವ ತಿಂಗಳಲ್ಲಿ ಹೋಗಿದ್ದೆ?"
ಫೆಬ್ರವರಿ, ಇದೇ ತಿಂಗಳು, ಮೊದಲ ವಾರ.
"ಹಾಗಾದರೆ ನೀರು ಇಳೀತಿತ್ತು. ನಮ್ಮನೆ ಅಲ್ಲಿ ಇರಲ್ಲ ಆಗ.
ಇನ್ನೂ ಒಳಗೆ, ಎರಡು ಮೈಲಿ.
ನೀನು ಬೇರೆಯವರ ಊರು ನೋಡಿ ಬಂದೆ."

ಕುಷ್ಟಗಿಯವಳು ನಾನು.
ಊರೆಂದರೆ ನಿಂತದ್ದು, ನೀರೆಂದರೆ ಬರುವುದು,
ಟ್ಯಾಂಕರಿನಲ್ಲಿ, ಮನೆಗೆ ಆರು ಕೊಡ, ಜಗಳ ಬೇರೆ.
ನೀರು ಹೋದಲ್ಲಿ ಊರೇ ಎದ್ದು ಹೋಗುವುದೆಂದರೆ
ಬಾಗಿಲ ಸಂಖ್ಯೆ ಏನು ಬರೆಯುತ್ತಾರೆ, ಟಪಾಲಿನವನು ಏನು ಮಾಡುತ್ತಾನೆ?
"ಕೂಗುತ್ತಾನೆ" ಅಂದಳು.

ಜೂನಿನಲ್ಲಿ ಅವರ ನದಿ ಹಿಂದಕ್ಕೆ ಹರಿಯುತ್ತದಂತೆ.
ದೊಡ್ಡ ನದಿ ತಳ್ಳುತ್ತದೆ, ಚಿಕ್ಕದು ತಿರುಗಿ
ಸರೋವರದ ಹೊಟ್ಟೆ ತುಂಬುತ್ತದೆ,
ಮರದ ತುದಿಯಲ್ಲಿ ಮೀನು ಮೊಟ್ಟೆಯಿಡುತ್ತದೆ.
ನವೆಂಬರಿಗೆ ಮತ್ತೆ ಮುಂದಕ್ಕೆ.
ಅದು ಹೇಳಿ ಗದ್ದ ಎತ್ತಿ
ತನ್ನ ತೋಳಿನ ಎರಡು ಕೊಳವೆ ತೋರಿಸಿ
ಏನೋ ಖಮೇರ್ ಮಾತು ಅಂದಳು, ನಕ್ಕಳು. ನಾನು ಕೇಳಲಿಲ್ಲ.

ಎಂಬತ್ತೆರಡರಲ್ಲಿ ಇಲ್ಲಿಗೆ ಬಂದಾಗ
ಮೂರನೆಯ ಮಹಡಿಯ ಮನೆ ಕೊಟ್ಟರಂತೆ.
ನೆಲ ಅಲುಗದೆ ನಿದ್ದೆ ಹತ್ತಲಿಲ್ಲ, ಹದಿನೇಳು ರಾತ್ರಿ.
ಹದಿನೆಂಟನೆಯ ದಿನ ಗಂಡ ಎಲ್ಲಿಂದಲೋ ಹಗ್ಗ ತಂದು
ಮಂಚದ ಕಾಲನ್ನು ರೇಡಿಯೇಟರಿಗೆ ಕಟ್ಟಿದ.
ಕಟ್ಟಿದ ಮೇಲೆ, ತೇಲುತ್ತಿರಬೇಕು ಅನ್ನಿಸಿ,
ಮಲಗಿದಳು.

ಈಗ ಗಂಡನಿಲ್ಲ. ಈಗ ದಿನಕ್ಕೆ ಒಂದೇ ಲೀಟರು,
ಗಂಜಿ, ಚಹಾ, ಮಂಜುಗಡ್ಡೆ ಎಲ್ಲ ಸೇರಿ.
ಕದ್ದು ಕುಡಿದರೆ ನನ್ನ ತಕ್ಕಡಿ ಚಾಡಿ ಹೇಳುತ್ತದೆ.
ಬಾಗಿಲಿನಿಂದ ಬಗ್ಗಿದರೆ ಬೊಗಸೆ ತುಂಬುತ್ತಿದ್ದವಳಿಗೆ
ಲೆಕ್ಕ ಹೇಳುವ ಕೆಲಸ ನನ್ನದು.
ನನಗೆ ಆ ಕೆಲಸ ಚೆನ್ನಾಗಿ ಬರುತ್ತದೆ.

ಯಂತ್ರ ಕೂಗಿತು. ಸೂಜಿ ತೆಗೆದೆ,
ಹತ್ತಿ ಒತ್ತಿ ಹಿಡಿದೆ, ಹತ್ತು ನಿಮಿಷ,
ಗಡಿಯಾರ ನೋಡುತ್ತ, ಅವಳು ನನ್ನ ಸುಲಿದ ಮೂಗು ನೋಡುತ್ತ.
ಪಟ್ಟಿ ಸುತ್ತುವಾಗ
"ಸಡಿಲ ಬಿಡು" ಅಂದಳು, "ನೀರು ಏರುತ್ತೆ."

ಎರಡು ಕಿಲೋ ನೂರು ಗ್ರಾಂ ಕಡಿಮೆ. ಬರೆದುಕೊಂಡೆ.
ಹೊರಗೆ ವ್ಯಾನಿನವ ಹಿಮ ಕೆರೆಯುತ್ತ ಕಾಯುತ್ತಿದ್ದ.
ಕುರ್ಚಿಯಿಂದ ಇಳಿಯುವ ಮೊದಲು ಎಂದಿನಂತೆ
ಒಂದು ಪಾದ ಮಾತ್ರ ಕೆಳಗಿಟ್ಟು,
ನೆಲದ ಉತ್ತರಕ್ಕೆ ಕಾದಳು.